ಯುದ್ಧದ ಗಾಯಕ್ಕೆ ದಾಖಲೆಯಲ್ಲಿ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದಲ್ಲಿ ಸೊಂಟನೋವು ತಡೆಯಲಾರದೆ ಶಿವಮೊಗ್ಗದ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಎಂಆರ್‌ಐ ಕೋಣೆಯ ಹೊರಗೆ ಸಿಬ್ಬಂದಿಯೊಬ್ಬರು ನಮೂನೆಯೊಂದನ್ನು ಹಿಡಿದು, ಮೈಯೊಳಗೆ ಲೋಹವೇನಾದರೂ ಇದೆಯೇ ಎಂದು ಕೇಳಿದರು. ಇದೆ ಎಂದೆ. ಎಕ್ಸ್‌ರೇ ತೆಗೆದಾಗ ಬಲತೊಡೆಯಲ್ಲಿ ಎರಡು, ಸೊಂಟದ ಕೆಳಗೆ ಒಂದು ಚೂರು ಕಂಡವು. ಸ್ಕ್ಯಾನ್ ಮಾಡದೆ ನನ್ನನ್ನು ಕಳಿಸಿದರು. ಆ ಚೂರುಗಳು ನನ್ನ ಮೈಸೇರಿದ್ದು 1987ರ ಅಕ್ಟೋಬರ್‌ನಲ್ಲಿ, ಶ್ರೀಲಂಕಾದ ಜಾಫ್ನಾ ಪಟ್ಟಣದ ಹೊರವಲಯದ ರಸ್ತೆಯೊಂದರಲ್ಲಿ, ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಹುಗಿದಿಟ್ಟಿದ್ದ ನೆಲಬಾಂಬು ಸಿಡಿದಾಗ. ಆದರೆ ನನ್ನ ಸೇನಾ ದಾಖಲೆಯಲ್ಲಿ ಗಾಯದ ಕಾರಣ ‘ಕರ್ತವ್ಯದ ವೇಳೆ ಅಪಘಾತ’ ಎಂದಿದೆ. ಆ ಒಂದು ಸಾಲನ್ನು ತಿದ್ದಿಸಲು ಇಪ್ಪತ್ತು ವರ್ಷಗಳಿಂದ ಅರ್ಜಿ ಬರೆಯುತ್ತಿದ್ದೇನೆ.

ಆ ಕಾರ್ಯಾಚರಣೆ ಇಂದಿನ ಓದುಗರಲ್ಲಿ ಹಲವರ ನೆನಪಿನಲ್ಲಿಲ್ಲ. 1987ರ ಜುಲೈ 29ರಂದು ಆದ ಭಾರತ–ಶ್ರೀಲಂಕಾ ಒಪ್ಪಂದದ ಬಳಿಕ ನಮ್ಮನ್ನು ಶಾಂತಿಪಾಲನಾ ಪಡೆಯಾಗಿ ಅಲ್ಲಿಗೆ ಕಳಿಸಲಾಯಿತು. ಅಕ್ಟೋಬರ್ ಹೊತ್ತಿಗೆ ಅದು ‘ಆಪರೇಷನ್ ಪವನ್’ ಎಂಬ ಹೆಸರಿನ ನಿಜವಾದ ಕಾದಾಟವಾಗಿತ್ತು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಹಿಂದಿರುಗುವಷ್ಟರಲ್ಲಿ ಸುಮಾರು 1,200 ಯೋಧರು ಮಡಿದಿದ್ದರು. ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಸಂದದ್ದು ಅಲ್ಲಿನ ಹೋರಾಟಕ್ಕೇ.

ನನ್ನ ಕಾಗದ ದಾರಿ ತಪ್ಪಿದ ಬಗೆಯನ್ನು ಹೇಳಬೇಕು, ಏಕೆಂದರೆ ಇದು ನನ್ನೊಬ್ಬನ ಕಥೆಯಾಗಿರಲಾರದು. ಗಾಯಾಳುಗಳನ್ನು ಪಲಾಲಿ ವಿಮಾನ ನಿಲ್ದಾಣದಿಂದ ಮದ್ರಾಸಿಗೆ ಸಾಗಿಸುತ್ತಿದ್ದರು. ಅಲ್ಲಿಂದ ನನ್ನನ್ನು ಇನ್ನೆರಡು ಸೇನಾ ಆಸ್ಪತ್ರೆಗಳಿಗೆ ಕಳಿಸಿದರು. ನನ್ನ ತುಕಡಿ ಆಗಿನ್ನೂ ಜಾಫ್ನಾದ ಬೀದಿಗಳಲ್ಲಿ ಕಾದಾಡುತ್ತಿತ್ತು. ಗಾಯಗೊಂಡವನ ವರದಿ ಬರೆಯಬೇಕಾದ ಗುಮಾಸ್ತನ ಕೈಯಲ್ಲೂ ಬಂದೂಕಿದ್ದ ದಿನಗಳವು. ಕೊನೆಯ ಆಸ್ಪತ್ರೆಗೆ ನನ್ನ ಜತೆ ಬಂದ ಚೀಟಿಯಲ್ಲಿ ‘ಸ್ಫೋಟದಿಂದ ಗಾಯ’ ಎಂದಷ್ಟೇ ಇತ್ತು. 1988ರಲ್ಲಿ ಸೇನಾ ವೈದ್ಯರ ಮಂಡಳಿಯಾದ ಮೆಡಿಕಲ್ ಬೋರ್ಡಿನ ಮುಂದೆ ನಿಂತಾಗ ನನಗೆ ಇಪ್ಪತ್ತೈದು ವರ್ಷ. ಇಂಗ್ಲಿಷಿನಲ್ಲಿದ್ದ ಹಾಳೆಗೆ, ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದೆ. 1999ರಲ್ಲಿ ನಿವೃತ್ತನಾಗಿ ಮನೆಗೆ ಬಂದು, ಜಮೀನಿನ ಅರ್ಜಿಗೆಂದು ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಬುಕ್ ತೋರಿಸಿದ ದಿನವೇ, ಅದರಲ್ಲಿದ್ದ ‘ಅಪಘಾತ’ ಎಂಬ ಪದದ ಅರ್ಥ ನನಗೆ ತಿಳಿದದ್ದು. ನಾನು ಲಾರಿಯಿಂದ ಬಿದ್ದು ಕಾಲು ಕೆಡಿಸಿಕೊಂಡವನೆಂದು ನಮ್ಮ ಊರಿನಲ್ಲಿ ಇಂದಿಗೂ ಕೆಲವರು ನಂಬಿದ್ದಾರೆ.

ಶತ್ರುವಿನ ನೇರ ದಾಳಿಯಿಂದ ಗಾಯಗೊಂಡ ಯೋಧನಿಗೆ ನಮ್ಮ ದೇಶದಲ್ಲಿ ಪರಾಕ್ರಮ ಪದಕವಿದೆ. 1973ರಲ್ಲಿ ಸ್ಥಾಪಿತವಾದಾಗ ಅದರ ಹೆಸರು ಗಾಯದ ಪದಕವೆಂದೇ ಇತ್ತು. ಪಿಂಚಣಿಯಲ್ಲೂ ಯುದ್ಧಗಾಯಕ್ಕೆ ಸಾಮಾನ್ಯ ಅಂಗವೈಕಲ್ಯಕ್ಕಿಂತ ಹೆಚ್ಚಿನ ದರವಿದೆ. ರಕ್ಷಣಾ ಸಚಿವಾಲಯ 2001ರ ಜನವರಿ 31ರಂದು ಹೊರಡಿಸಿದ ಆದೇಶ, ವಿದೇಶದಲ್ಲಿ ಶಾಂತಿಪಾಲನೆಗೆ ನಿಯೋಜಿತರಾದವರ ಕಾರ್ಯಾಚರಣೆಯನ್ನೂ ಶತ್ರುವಿನ ನೆಲಬಾಂಬು ತೆರವನ್ನೂ ಯುದ್ಧಗಾಯದ ವರ್ಗಕ್ಕೇ ಸೇರಿಸಿದೆ. ಹಣ ಬೇಡವೆನ್ನುವಷ್ಟು ಅನುಕೂಲಸ್ಥ ನಾನಲ್ಲ. ಎರಡು ಎಕರೆ ಅಡಿಕೆ ತೋಟದಲ್ಲಿ ಒಂದು ಗೊನೆ ಹೊತ್ತು ದಿಬ್ಬ ಹತ್ತಲಾರದವನಿಗೆ ಕೂಲಿಯ ಖರ್ಚೇ ಬಹಳ. ಆದರೂ ಮೊದಲು ಬೇಕಿರುವುದು ಪದಕ. ಅಪಘಾತ ಎಂಬ ಆ ಪದ ಮೊಮ್ಮಕ್ಕಳ ಕೈಸೇರುವ ಮುಂಚೆ ಅಳಿಯಬೇಕು.

ನನ್ನ ಅರ್ಜಿಗಳಿಗೆ ಬರುವ ಉತ್ತರ ಒಂದೇ: 1987ರ ಮೂಲ ವರದಿಯನ್ನು ಸಲ್ಲಿಸಿ, ಇಲ್ಲಿನ ಆಸ್ಪತ್ರೆ ಕಡತಗಳು ಅವಧಿ ಮುಗಿದು ನಾಶವಾಗಿವೆ. ಬರೆದವರೂ ಇಟ್ಟುಕೊಂಡವರೂ ನಾಶಮಾಡಿದವರೂ ಅವರೇ ಆಗಿರುವಾಗ, ಅರಿವು ತಪ್ಪಿ ಸ್ಟ್ರೆಚರ್ ಮೇಲೆ ಮಲಗಿದ್ದವನು ಆ ಕಾಗದವನ್ನು ಎಲ್ಲಿಂದ ತರಬೇಕು? ನನ್ನನ್ನು ಎಳೆದು ಬದಿಗೆ ಹಾಕಿದ ಸುಬೇದಾರರು ತೀರಿಕೊಂಡಿದ್ದಾರೆ. ಪಕ್ಕದಲ್ಲೇ ಇದ್ದ ತಮಿಳುನಾಡಿನ ಗೆಳೆಯ ಅಫಿಡವಿಟ್ ಬರೆದುಕೊಟ್ಟರೂ, ಅದು ಆ ಕಾಲದ ದಾಖಲೆಯಲ್ಲವೆಂದು ಹಿಂದಕ್ಕೆ ಬಂತು. ನಾವೆಲ್ಲ ಅರವತ್ತು ದಾಟಿದವರು. ಸಾಕ್ಷಿ ಹೇಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯ ಒಂಟಿಮನೆಗಳಲ್ಲಿರುವ ಮಾಜಿ ಸೈನಿಕರು ದೂರದ ಕಚೇರಿಗಳಿಗೆ ಅಲೆಯಲಾರರು. ದಾಖಲೆ ಅಧಿಕಾರಿಗಳೂ ಸೇನಾ ವೈದ್ಯರೂ ಒಟ್ಟಿಗೆ ಕೂತು ನಿರ್ಧರಿಸುವ ಶಿಬಿರವೊಂದನ್ನು ಶಿವಮೊಗ್ಗದಲ್ಲಿ ನಡೆಸಬೇಕೆಂದು ರಕ್ಷಣಾ ಸಚಿವಾಲಯವನ್ನೂ, ಅದಕ್ಕೆ ಒತ್ತಾಯಿಸಬೇಕೆಂದು ನಮ್ಮ ಸಂಸದರನ್ನೂ ಕೋರುತ್ತೇನೆ. ಮೂಲ ವರದಿ ಸಿಗದ ಕಡೆ ತುಕಡಿಯ ಯುದ್ಧ ದಿನಚರಿ, ಜತೆಗಾರರ ಅಫಿಡವಿಟ್ ಮತ್ತು ಇಂದಿನ ಎಕ್ಸ್‌ರೇಯನ್ನು ಪುರಾವೆಯೆಂದು ಒಪ್ಪಬೇಕು. ಹಾಗೆಯೇ, ಶ್ರೀಲಂಕಾದಿಂದ ಗಾಯಗೊಂಡು ಬಂದವರಿರುವ ಮನೆಯವರು ಹಳೆಯ ಆಸ್ಪತ್ರೆ ಚೀಟಿ, ಪತ್ರ, ಲಕೋಟೆಗಳನ್ನು ದಯವಿಟ್ಟು ಎಸೆಯಬಾರದು.

ನನ್ನ ತಾಯಿ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ನಾನು ಮದ್ರಾಸಿನ ಆಸ್ಪತ್ರೆಯಿಂದ ಬರೆಸಿದ್ದ ಇನ್‌ಲ್ಯಾಂಡ್ ಪತ್ರ ಸಿಕ್ಕಿತು. ಕಾಲಿಗೆ ಬಾಂಬಿನ ಚೂರು ತಾಗಿದೆ, ಹೆದರಬೇಡಿ, ಅಡಿಕೆ ಕೊನೆಕೊಯ್ಲು ಮುಗಿಯುವಷ್ಟರಲ್ಲಿ ಬರುತ್ತೇನೆ ಎಂದು ಅದರಲ್ಲಿದೆ. 1987ರ ಅಂಚೆ ಮುದ್ರೆ ಸ್ಪಷ್ಟವಾಗಿ ಕಾಣುತ್ತದೆ. ಅದರ ಪ್ರತಿಯನ್ನು ಎಕ್ಸ್‌ರೇ ಜತೆ ಲಗತ್ತಿಸಿ ಮತ್ತೊಮ್ಮೆ ಅರ್ಜಿ ಕಳಿಸಿದ್ದೇನೆ.

— ಒಬ್ಬ ನಿವೃತ್ತ ಹವಾಲ್ದಾರ್, ಹೊಸನಗರ ತಾಲ್ಲೂಕು