ಕೌಂಟಿಯ ಮತದ ಹಕ್ಕು ಮೊಟಕಾದ ಕಥೆಯೂ ಇದೆ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಪಾರ್ಲಿಮೆಂಟಿನ ಹುಟ್ಟಿನ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. 1265ರಲ್ಲಿ ದೊರೆಯ ವಿರುದ್ಧ ಬಂಡೆದ್ದ ಸರದಾರ ಸೈಮನ್ ಡಿ ಮಾಂಟ್‌ಫರ್ಟ್ ಕರೆದ ಸಭೆಯಿಂದ 1832ರ ಸುಧಾರಣೆಯವರೆಗೆ ಮತದ ಹಕ್ಕು ಹಂತಹಂತವಾಗಿ ಹಿಗ್ಗುತ್ತಲೇ ಹೋಯಿತೆಂಬ ಚಿತ್ರ ಅದರಲ್ಲಿದೆ. ಕೌಂಟಿಗಳ, ಅಂದರೆ ಇಂಗ್ಲೆಂಡಿನ ಜಿಲ್ಲೆಗಳ, ಮಟ್ಟಿಗೆ ಇದು ನಿಜವಲ್ಲ. ಬಹುಕಾಲ ಇತಿಹಾಸ ಪಾಠ ಮಾಡಿದವನಾಗಿ ಇದನ್ನು ಹೇಳದೆ ಇರಲಾರೆ.

ಕೌಂಟಿಗಳ ಪ್ರತಿನಿಧಿಗಳನ್ನು ಕರೆಸಿದ್ದು ಹಣದ ಅಗತ್ಯ. 1254ರಲ್ಲಿ ದೊರೆ ಮೂರನೇ ಹೆನ್ರಿ ಫ್ರಾನ್ಸಿನ ನೈಋತ್ಯದ ಗ್ಯಾಸ್ಕನಿಯಲ್ಲಿದ್ದಾಗ, ರಾಜ್ಯಭಾರ ನೋಡಿಕೊಳ್ಳುತ್ತಿದ್ದ ರಾಣಿಯೂ ದೊರೆಯ ತಮ್ಮ ರಿಚರ್ಡನೂ ಪ್ರತಿ ಕೌಂಟಿಯಿಂದ ಇಬ್ಬರು ನೈಟ್‌ಗಳನ್ನು (ಗೌರವ ಪದವಿ ಪಡೆದ ಯೋಧ ಭೂಮಾಲೀಕರನ್ನು) ಆರಿಸಿ ವೆಸ್ಟ್‌ಮಿನ್‌ಸ್ಟರಿಗೆ ಕಳಿಸುವಂತೆ ಕೌಂಟಿಗಳಲ್ಲಿ ದೊರೆಯ ಅಧಿಕಾರಿಗಳಾದ ಷೆರಿಫ್‌ಗಳಿಗೆ ಆಜ್ಞೆ ಹೊರಡಿಸಿದರು. ತಮ್ಮ ಕೌಂಟಿ ಎಷ್ಟು ನೆರವು ಕೊಡಬಲ್ಲದು ಎಂಬುದನ್ನು ಅವರು ಬಂದು ಹೇಳಬೇಕಿತ್ತು. ಮುಂದೆ 37 ಕೌಂಟಿಗಳಿಂದ ತಲಾ ಇಬ್ಬರಂತೆ 74 ಮಂದಿ ಬರುವುದು ರೂಢಿಯಾಯಿತು. ವಿಶಾಲವಾದ ಯಾರ್ಕ್‌ಷೈರಿಗೂ ಇಬ್ಬರು, ಅಂಗೈಯಗಲದ ರಟ್‌ಲೆಂಡಿಗೂ ಇಬ್ಬರು. ವಿಶೇಷಾಧಿಕಾರದ ಸೀಮೆಗಳಾಗಿದ್ದ ಚೆಷೈರ್ ಮತ್ತು ಡರಮ್‌ಗಳಿಗೆ ಮಾತ್ರ ಸ್ಥಾನವಿರಲಿಲ್ಲ.

ಈ ಆಯ್ಕೆ ಎಲ್ಲಿ ನಡೆಯುತ್ತಿತ್ತು ಎಂಬುದು ಮುಖ್ಯ. ಅದಕ್ಕೆಂದು ಬೇರೆ ಸಭೆಯಿರಲಿಲ್ಲ. ಷೆರಿಫ್ ನಡೆಸುವ ಕೌಂಟಿ ನ್ಯಾಯಸಭೆಯಲ್ಲಿ, ಸಾಲದ ತಕರಾರುಗಳು ವಿಚಾರಣೆಯಾಗುತ್ತಿದ್ದ ಮತ್ತು ಕರೆದರೂ ಬಾರದ ಆರೋಪಿಯ ಹೆಸರನ್ನು ಮತ್ತೆ ಮತ್ತೆ ಕೂಗುತ್ತಿದ್ದ ಅದೇ ಜಾಗದಲ್ಲಿ, ನೆರೆದವರ ಮುಂದೆ ದೊರೆಯ ಆಜ್ಞಾಪತ್ರವನ್ನು ಓದಿ ಇಬ್ಬರನ್ನು ಆರಿಸುತ್ತಿದ್ದರು. ಆಯ್ಕೆಯಾದವರಿಗೆ ದಿನಕ್ಕೆ 4 ಷಿಲಿಂಗ್ ಭತ್ಯೆ ಸಲ್ಲುತ್ತಿತ್ತು. ಅದು ಬೊಕ್ಕಸದಿಂದ ಬರುತ್ತಿರಲಿಲ್ಲ. ಷೆರಿಫನೇ ಅದನ್ನು ಕೌಂಟಿಯ ಜನರಿಂದ ವಸೂಲಿ ಮಾಡಬೇಕಿತ್ತು.

ಷೆರಿಫರ ಕೈವಾಡಕ್ಕೆ ಕೊರತೆಯಿರಲಿಲ್ಲ. 1404ರಲ್ಲಿ ರಟ್‌ಲೆಂಡಿನ ಜನ ಆರಿಸಿದ್ದು ಥಾಮಸ್ ಥಾರ್ಪ್ ಎಂಬವನನ್ನು. ಷೆರಿಫ್ ಬರೆದು ಕಳಿಸಿದ್ದು ಬೇರೆಯವನ ಹೆಸರನ್ನು. ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್‌ನ ಸದಸ್ಯರು ದೂರಿತ್ತರು, ವಿಚಾರಣೆಯಾಯಿತು, ಷೆರಿಫ್ ಲಂಡನ್ನಿನ ಫ್ಲೀಟ್ ಸೆರೆಮನೆ ಸೇರಿದ. 1406ರಲ್ಲಿ ಬಂದ ಕಾನೂನು ಇಂಥದ್ದಕ್ಕೆ ಮದ್ದಾಗಿತ್ತು: ಕರೆ ಬಂದವರಿರಲಿ, ತಾವಾಗಿ ಬಂದವರಿರಲಿ, ನ್ಯಾಯಸಭೆಯಲ್ಲಿ ಹಾಜರಿದ್ದವರೆಲ್ಲ ಆಯ್ಕೆಯಲ್ಲಿ ಪಾಲ್ಗೊಳ್ಳಬೇಕು, ಮತ್ತು ಆರಿಸಿದವರ ಮುದ್ರೆಗಳಿರುವ ಕರಾರುಪತ್ರವನ್ನು ಆಜ್ಞಾಪತ್ರಕ್ಕೆ ಲಗತ್ತಿಸಿ ಕಳಿಸಬೇಕು. ಷೆರಿಫನ ಬಾಯಿಮಾತಿನ ಜಾಗದಲ್ಲಿ ಊರವರ ಅರಗಿನ ಮುದ್ರೆ ಬಂದು ಕೂತದ್ದು ಸಣ್ಣ ಸಂಗತಿಯಲ್ಲ.

ಆದರೆ 24 ವರ್ಷ ಕಳೆಯುವುದರೊಳಗೆ, 1430ರಲ್ಲಿ, ಪಾರ್ಲಿಮೆಂಟೇ ಈ ಬಾಗಿಲನ್ನು ಮುಚ್ಚಿತು. ಆಸ್ತಿಯಿಲ್ಲದ, ಯಾವ ಬೆಲೆಯೂ ಇಲ್ಲದ ಜನ ವಿಪರೀತ ಸಂಖ್ಯೆಯಲ್ಲಿ ಬಂದು, ತಮ್ಮ ಮಾತಿಗೂ ಘನವಂತ ನೈಟ್‌ಗಳ ಮಾತಿಗೂ ಸಮಾನ ತೂಕವೆಂದು ಸಾಧಿಸುತ್ತಿದ್ದಾರೆ, ಇದರಿಂದ ಕೊಲೆ, ದೊಂಬಿಗಳಾದಾವು ಎಂಬುದು ಆ ಕಾನೂನು ಕೊಟ್ಟುಕೊಂಡ ಕಾರಣ. ಇನ್ನು ಮುಂದೆ ಕೌಂಟಿಯಲ್ಲಿ ವಾಸವಿದ್ದು, ಖರ್ಚು ಕಳೆದು ವರ್ಷಕ್ಕೆ ಕನಿಷ್ಠ 40 ಷಿಲಿಂಗ್ ಆದಾಯ ತರುವ ಸ್ವತಂತ್ರ ಹಿಡುವಳಿ ಇದ್ದವನಿಗೆ ಮಾತ್ರ ಮತ. ಪ್ರತಿನಿಧಿಯ ಹತ್ತು ದಿನದ ಭತ್ಯೆಯಷ್ಟು ವರಮಾನ ಇಡೀ ವರ್ಷದಲ್ಲಿ ತನ್ನ ನೆಲದಿಂದ ಕಾಣದವನು ಹೊರಗುಳಿದ. ಭತ್ಯೆಯ ವಸೂಲಿಯಿಂದ ಮಾತ್ರ ಅವನಿಗೆ ಈ ಕಾನೂನು ಬಿಡುಗಡೆ ಕೊಡಲಿಲ್ಲ. ನನ್ನನ್ನು ಇಂದಿಗೂ ಕಾಡುವ ಅನ್ಯಾಯ ಇದು. ಗಲಭೆಯ ಭಯ ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಗಲಭೆ ತಡೆಯಲು ಆರಿಸಿಕೊಂಡ ದಾರಿ ಬಡವನ ಬಾಯಿ ಮುಚ್ಚಿಸುವುದಾಗಿತ್ತು.

1445ರ ಕಾನೂನು ಇನ್ನೂ ಮುಂದೆ ಹೋಗಿ, ಆಯ್ಕೆಯಾಗುವವನು ಸಾಮಾನ್ಯ ರೈತನಾಗಿರಕೂಡದು, ಕುಲೀನನಾಗಿರಬೇಕು ಎಂದಿತು. ಇದರ ಫಲ 1450ರಲ್ಲಿ ಹಂಟಿಂಗ್‌ಡನ್‌ಷೈರಿನಲ್ಲಿ ಕಾಣುತ್ತದೆ. ಅಲ್ಲಿನ 124 ಹಿಡುವಳಿದಾರರು ದೊರೆಗೆ ಪತ್ರ ಬರೆದು, ಎದುರು ಗುಂಪಿನವರು ನಿಲ್ಲಿಸಿದ ಹೆನ್ರಿ ಗಿಂಬರ್ ಕುಲೀನನಲ್ಲವೆಂದು ಆಕ್ಷೇಪಿಸಿದರು. ಮನುಷ್ಯನ ಯೋಗ್ಯತೆಯ ಬದಲು ಅವನ ಹುಟ್ಟು ಚುನಾವಣೆಯ ತಕರಾರಾಗಿತ್ತು.

40 ಷಿಲಿಂಗಿನ ಈ ನಿಯಮ ಕೌಂಟಿಗಳಲ್ಲಿ 1832ರವರೆಗೆ, ಅಂದರೆ 402 ವರ್ಷ ಏಕೈಕ ಅರ್ಹತೆಯಾಗಿ ಉಳಿಯಿತು. ಲೇಖನಮಾಲೆಯ ಮುಂದಿನ ಕಂತಿನಲ್ಲಾದರೂ 1406 ಮತ್ತು 1430ರ ಕಾನೂನುಗಳನ್ನು ಒಟ್ಟಿಗಿಟ್ಟು ಓದುಗರಿಗೆ ತಿಳಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ, ಧಾರವಾಡ