ಮದ್ರಾಸ್ ತಾರಸಿ ಮುಚ್ಚಿ ಪಿಒಪಿ ಯಾಕೆ?

ಸಂಪಾದಕರೇ,

ಗಾಂಧಿಬಜಾರಿನ ಹತ್ತಿರದ ಹಳೇ ತೊಟ್ಟಿ ಮನೆಯೊಂದು ಈಗ ಸೀರೆ ಅಂಗಡಿಯಾಗಿದೆ. ಆಗಲಿ, ಕೆಡವಿ ಕಾಂಪ್ಲೆಕ್ಸ್ ಕಟ್ಟುವುದಕ್ಕಿಂತ ಎಷ್ಟೋ ವಾಸಿ. 1898ರ ಪ್ಲೇಗಿನ ನಂತರ ಇಕ್ಕಟ್ಟಿನ ಪೇಟೆ ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರದ ಕಡೆ ಬಂದು ಕಟ್ಟಿಕೊಂಡ ಮನೆಗಳು ಈಗ ಉಳಿದಿರುವುದೇ ಕಡಿಮೆ. ಜಗಲಿ, ಮರದ ಕಂಬಗಳನ್ನು ಪಾಲಿಶ್ ಮಾಡಿ ಚೆನ್ನಾಗಿಯೇ ಇಟ್ಟಿದ್ದಾರೆ, ಫೋಟೊಗೆ ಬೇಕಲ್ಲ!

ಒಳಗೆ ಹೋದರೆ ಬೇಜಾರು. ಅಲ್ಲಿದ್ದದ್ದು ಮದ್ರಾಸ್ ತಾರಸಿ. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ಓರೆಯಾಗಿ ಸಾಲು ಜೋಡಿಸಿ, ಸುಣ್ಣದ ಗಾರೆ ಹಾಕಿ ಬಡಿದು ಬಡಿದು ಗಟ್ಟಿ ಮಾಡುವ ಕೆಲಸ ಅದು. ಈಗ ಪೂರ್ತಿ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸೀಲಿಂಗ್. ತೊಟ್ಟಿಗೆ ಗಾಜು ಬಿಗಿದು ಎಸಿ ಹಾಕಿದ್ದಾರೆ. ಬಿಸಿಗಾಳಿ ಮೇಲೆ ಹೋಗಲಿ ಅಂತಲೇ ಅಲ್ವಾ ತೊಟ್ಟಿ ತೆರೆದಿರುತ್ತಿದ್ದುದು? ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಿದ್ದಾರೆ, ತೇವ ಆಚೆ ಬರಲು ದಾರಿಯಿಲ್ಲ, ಬಿಲ್ ಕೌಂಟರಿನ ಹಿಂದೆ ಆಗಲೇ ಬಣ್ಣ ಉಬ್ಬಿ ಉದುರುತ್ತಿದೆ.

ಇಂಥ ಮನೆಯಲ್ಲಿ ಅಂಗಡಿ ಇಡುವವರು ಇಂಟೀರಿಯರ್‌ನವರ ಮಾತು ಕೇಳಿ ಸುಮ್ನೆ ದುಡ್ಡು ಸುರಿಯುವ ಮೊದಲು ಸುಣ್ಣದ ಕೆಲಸ ಬಲ್ಲ ಗಾರೆಯವರನ್ನು ಕರೆಸಲಿ. ಪಾಲಿಕೆಯೂ ಲೈಸೆನ್ಸ್ ಕೊಡುವಾಗ ಒಳಗೊಮ್ಮೆ ಇಣುಕಿ ನೋಡಲಿ.

– ಓದುಗ, ಬಸವನಗುಡಿ, ಬೆಂಗಳೂರು