ಸಂಬಳ ಕೊಡದೆ ಕಳೆದುಕೊಂಡ ಹಡಗು

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಹಳೆಯ ಹಾಯಿ ಯುದ್ಧನೌಕೆಗಳ ಬಗ್ಗೆ ಬಂದ ಲೇಖನ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ 'ರಾಯಲ್ ಚಾರ್ಲ್ಸ್' ಹಡಗಿನ ವಿಷಯ ಬಂದಾಗ ಲೇಖಕರು 80 ಫಿರಂಗಿ, ಚಿನ್ನದ ಬಣ್ಣದ ಕೆತ್ತನೆ ಎಂದೆಲ್ಲ ವರ್ಣಿಸಿ, 1667ರಲ್ಲಿ ಡಚ್ಚರು ಅದನ್ನು ಹೊತ್ತೊಯ್ದರು ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದಾರೆ. ಅಲ್ಲ ಸ್ವಾಮಿ, ಕಥೆ ಇರುವುದೇ ಅಲ್ಲಿ!

ಈ ಹಡಗು ಹುಟ್ಟಿದ್ದು ರಾಜನಿಗಾಗಿ ಅಲ್ಲ, ರಾಜ ಒಂದನೇ ಚಾರ್ಲ್ಸನ ತಲೆ ಕಡಿದವರಿಗಾಗಿ. 1655ರಲ್ಲಿ ವುಲಿಚ್‌ನಲ್ಲಿ ನೀರಿಗಿಳಿದಾಗ ಇದರ ಹೆಸರು 'ನೇಸ್ಬಿ'. ರಾಜನ ಸೈನ್ಯ 1645ರಲ್ಲಿ ಸೋತು ಓಡಿದ ಊರಿನ ಹೆಸರು ಅದು. ಹಡಗಿನ ಮುಂದುಗಡೆ ಕುದುರೆ ಏರಿದ, ರಾಜನ ವಿರೋಧಿಗಳ ಮುಖಂಡ ಆಲಿವರ್ ಕ್ರಾಮ್‌ವೆಲ್‌ನ ಮರದ ಮೂರ್ತಿ, ಕಾಲಡಿ ಆರು ದೇಶದವರು. ಐದೇ ವರ್ಷಕ್ಕೆ ಗಾಳಿ ತಿರುಗಿತು. ಅದೇ ರಾಜನ ಮಗ ಎರಡನೇ ಚಾರ್ಲ್ಸ್‌ನನ್ನು ಹಾಲೆಂಡಿನಿಂದ ಕರೆತರಲು 1660ರಲ್ಲಿ ಇದೇ ಹಡಗು ಹೋಯಿತು. ದಾರಿಯಲ್ಲಿ ದರ್ಜಿಗಳು ಹಳದಿ ಬಟ್ಟೆ ಕತ್ತರಿಸಿ ಕಿರೀಟ ಮಾಡಿ ಬಾವುಟಕ್ಕೆ ಅಂಟಿಸುತ್ತಾ ಕೂತಿದ್ದರು ಅಂತ ಹಡಗಿನಲ್ಲೇ ಇದ್ದ ಸ್ಯಾಮ್ಯುಯೆಲ್ ಪೀಪ್ಸ್ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ರಾಜ ಹತ್ತಿದ, ಹೆಸರು 'ರಾಯಲ್ ಚಾರ್ಲ್ಸ್' ಆಯಿತು. ಕ್ರಾಮ್‌ವೆಲ್‌ನ ಮೂರ್ತಿಯನ್ನು ಕಿತ್ತು ಸಮುದ್ರದೇವತೆ ನೆಪ್ಚೂನನನ್ನು ಕೂರಿಸಿದ್ದು ಮಾತ್ರ 1663ರಲ್ಲಿ, ಅದಕ್ಕೂ ದುಡ್ಡು ದಂಡ ಅಂತ ಪೀಪ್ಸ್ ಗೊಣಗಿದ್ದಾನೆ. ಸರ್ಕಾರ ಬದಲಾದರೆ ಬೋರ್ಡು ಬದಲಾಗುವುದು ನಮಗೇನು ಹೊಸದಾ?

ಮುಂದೆ ಇಂಗ್ಲಿಷರಿಗೂ ಡಚ್ಚರಿಗೂ ಯುದ್ಧ ಹತ್ತಿತು. 1665ರ ಲೋಸ್ಟಾಫ್ಟ್ ಕಾಳಗದಲ್ಲಿ ಇದರ ಎದುರು ನಿಂತ ಡಚ್ ನಾಯಕನ ಹಡಗು ಸಿಡಿದು ಚೂರಾಯಿತು. ಇಂಥ ಗೆಲುವುಗಳು ಲೇಖನದಲ್ಲಿ ಬಂದಿವೆ, ಬಿಡಿ. ಬರದೆ ಉಳಿದದ್ದು ಖಲಾಸಿಗಳ ಪಾಡು. ಅವರಿಗೆ ಸಂಬಳದ ಬದಲು ಚೀಟಿ ಕೊಡುತ್ತಿದ್ದರು. ಆ ಚೀಟಿಗೆ ಲಂಡನ್ನಿನ ಕಚೇರಿಯಲ್ಲಿ ದುಡ್ಡು ಸಿಗಬೇಕು, ಕಚೇರಿಯಲ್ಲಿ ದುಡ್ಡೇ ಇಲ್ಲ, ಹಾಗಾಗಿ ಹೊಟ್ಟೆಪಾಡಿಗೆ ಸಿಕ್ಕಷ್ಟಕ್ಕೆ ದಲ್ಲಾಳಿಗಳಿಗೆ ಮಾರಿಕೊಳ್ಳಬೇಕು. ಪೀಪ್ಸ್ ಆಗ ನೌಕಾ ಕಚೇರಿಯ ದೊಡ್ಡ ಅಧಿಕಾರಿ. 1666ರ ಜುಲೈನಲ್ಲಿ ಡಚ್ಚರ ಸೆರೆಯಲ್ಲಿದ್ದ ಖಲಾಸಿಗಳ ಹೆಂಡಂದಿರು ನೂರಾರು ಜನ ಬಂದು ಕಚೇರಿ ಅಂಗಳದಲ್ಲಿ ಅತ್ತು, ಬೈದು, ಶಾಪ ಹಾಕಿದರು. ರಾತ್ರಿ ಊಟದ ಜಿಂಕೆ ಮಾಂಸದ ಕಡುಬನ್ನು ಬೇಯಿಸಲು ಹೊರಗೆ ಕಳಿಸಲಿಕ್ಕೂ ಪೀಪ್ಸ್ ಮನೆಯವರಿಗೆ ಭಯ, ಎಲ್ಲಿ ಈ ಹೆಂಗಸರು ಕಿತ್ತುಕೊಳ್ಳುತ್ತಾರೋ ಅಂತ!

1665ರಲ್ಲಿ ಪ್ಲೇಗು, 1666ರಲ್ಲಿ ಲಂಡನ್ ಬೆಂಕಿ. ಖಜಾನೆ ಖಾಲಿ. ಡಚ್ಚರ ಊರು ಬ್ರೆಡಾದಲ್ಲಿ ಸಂಧಿಯ ಮಾತುಕತೆ ನಡೆದಿದೆಯಲ್ಲ, ಯುದ್ಧ ಹೇಗೂ ಮುಗಿಯುತ್ತದೆ ಅಂತ ದೊಡ್ಡ ಹಡಗುಗಳನ್ನು ಇಂಗ್ಲೆಂಡಿನ ಮೆಡ್ವೇ ನದಿಯಲ್ಲಿ ಸುಮ್ನೆ ಕಟ್ಟಿಹಾಕಿದರು. 1667ರ ಜೂನ್‌ನಲ್ಲಿ ಡಿ ರಾಯ್ಟರ್‌ನ ಡಚ್ ಪಡೆ ನದಿಗೇ ನುಗ್ಗಿತು. ಶೀರ್‌ನೆಸ್ ಕೋಟೆ ಇನ್ನೂ ಅರೆಬರೆ, ಬಿತ್ತು. ಗಿಲ್ಲಿಂಗ್‌ಹ್ಯಾಮ್ ಹತ್ತಿರ ನದಿಗೆ ಅಡ್ಡ ಬಿಗಿದ ಕಬ್ಬಿಣದ ಸರಪಳಿ ಮುರಿಯಿತು. ರಾಯಲ್ ಚಾರ್ಲ್ಸ್ ಮೇಲೆ ಕಾಯಲು ಒಬ್ಬನೂ ಇರಲಿಲ್ಲ, ಒಂದು ದೋಣಿಯಲ್ಲಿ ಬಂದ ಒಂಬತ್ತು ಜನ ಅದನ್ನು ಹಿಡಿದರು ಅಂತ ಪೀಪ್ಸ್ ಕೇಳಿ ಬರೆದಿದ್ದಾನೆ. ಡಚ್ಚರು ಹಡಗನ್ನು ಒಂದು ಮಗ್ಗುಲಿಗೆ ವಾಲಿಸಿ, ಕಡಿಮೆ ನೀರಿನಲ್ಲೂ ಸಾಗುವಂತೆ ಮಾಡಿ ಎಳೆದೊಯ್ದರು. ಆ ನೀರಲ್ಲಿ ಅದನ್ನು ಸಾಗಿಸಲು ಅದೇ ನದಿಯ ನೌಕಾನೆಲೆ ಚಾಥಮ್‌ನ ಪಳಗಿದ ಕೈಗಳೂ ಒಪ್ಪುತ್ತಿರಲಿಲ್ಲವಂತೆ.

ನನಗೆ ಎಲ್ಲಕ್ಕಿಂತ ಜಾಸ್ತಿ ನಾಟಿದ್ದು ಇದು: ಡಚ್ ಹಡಗುಗಳ ಮೇಲಿಂದ ಇಂಗ್ಲಿಷ್ ಮಾತು ಕೇಳಿಸುತ್ತಿತ್ತು. ಹಿಂದೆ ಚೀಟಿಗಾಗಿ ಹೊಡೆದಾಡಿದೆವು, ಈಗ ಡಾಲರಿಗಾಗಿ ಹೊಡೆದಾಡುತ್ತೇವೆ ಅಂತ ಇಂಗ್ಲೆಂಡಿನದೇ ಖಲಾಸಿಗಳು ಕೂಗುತ್ತಿದ್ದರು. ಡಾಲರ್ ಎಂದರೆ ಆಗಿನ ಡಚ್ಚರ ಬೆಳ್ಳಿ ನಾಣ್ಯ. ಇತ್ತ ಲಂಡನ್ನಿನ ವ್ಯಾಪಿಂಗ್ ಬೀದಿಗಳಲ್ಲಿ ಹೆಂಗಸರು, ನಮ್ಮ ಗಂಡಂದಿರಿಗೆ ದುಡ್ಡು ಕೊಡದಿದ್ದಕ್ಕೇ ಇದಾಯಿತು ಎಂದು ಬಾಯಿ ಮಾಡಿದರು. ತಪ್ಪು ಹೊತ್ತು ಲಂಡನ್ ಟವರ್ ಸೆರೆ ಸೇರಿದವನು ಮಾತ್ರ ಚಾಥಮ್‌ನ ಅಧಿಕಾರಿ ಪೀಟರ್ ಪೆಟ್. ದುಡ್ಡು ತಡೆದವರು ಮನೆಯಲ್ಲೇ ಇದ್ದರು, ಅಲ್ವಾ?

ಹಡಗು ಡಚ್ಚರಿಗೂ ಕೆಲಸಕ್ಕೆ ಬರಲಿಲ್ಲ. ಅವರ ತೀರದ ನೀರಿಗೆ ಅದರ ತಳ ತೀರಾ ಆಳ. ಕೆಲ ಕಾಲ ಜನ ನೋಡಲು ನಿಲ್ಲಿಸಿ, 1673ರಲ್ಲಿ ಗುಜರಿಗೆ ಹರಾಜು ಹಾಕಿದರು. ಹಿಂಭಾಗದ ಸಿಂಹ ಮತ್ತು ಒಂಟಿಕೊಂಬಿನ ಕುದುರೆಯ ಕೆತ್ತನೆ ಈಗಲೂ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿದೆ.

ಕಾರವಾರದವನಾಗಿ ಇನ್ನೊಂದು ಮಾತು ಸೇರಿಸುತ್ತೇನೆ. ಇದೇ ಎರಡನೇ ಚಾರ್ಲ್ಸ್ ರಾಜನಿಗೆ ಪೋರ್ಚುಗಲ್ ರಾಜಕುಮಾರಿಯ ಜೊತೆ ಮದುವೆಯಲ್ಲಿ ಬಳುವಳಿಯಾಗಿ ಮುಂಬಯಿ ಸಿಕ್ಕಿತ್ತು. ವಶಕ್ಕೆ ಪಡೆಯಲು 1662ರಲ್ಲಿ ಅಬ್ರಹಾಂ ಶಿಪ್‌ಮನ್ ಜೊತೆ ಸುಮಾರು 400 ಸೈನಿಕರು ಬಂದರು. ಅಲ್ಲಿದ್ದ ಪೋರ್ಚುಗೀಸರು ಬಿಟ್ಟುಕೊಡಲಿಲ್ಲ. ಇವರು ಬಂದು ಬಿದ್ದದ್ದು ನಮ್ಮ ಕಡಲಾಚೆಯ ಅಂಜದೀವ್ ದ್ವೀಪದಲ್ಲಿ. ರೋಗಕ್ಕೆ ಒಬ್ಬೊಬ್ಬರಾಗಿ ಸತ್ತು, ಶಿಪ್‌ಮನ್ನನೂ ತೀರಿಕೊಂಡು, 1665ರಲ್ಲಿ ಮುಂಬಯಿ ಕೈಗೆ ಬರುವಾಗ ಉಳಿದವರು ನೂರರ ಆಸುಪಾಸು ಮಾತ್ರ. ಅಷ್ಟು ಜೀವ ತೆತ್ತ ಊರನ್ನು ರಾಜ 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ.

ಅಂಜದೀವ್ ಗೋವಾಕ್ಕೆ ಸೇರಿದ್ದು, ಈಗ ನೌಕಾಪಡೆಯ ಕೈಯಲ್ಲಿದೆ, ನಾವು ಹೋಗಿ ನೋಡುವಂತಿಲ್ಲ. ಆದರೆ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ನಿವೃತ್ತ ಯುದ್ಧನೌಕೆ ನೋಡಲು ಶಾಲೆ ಮಕ್ಕಳು ಬರುತ್ತಾರೆ. ಅಲ್ಲೇ ಒಂದು ಫಲಕದಲ್ಲಿ ಅಂಜದೀವ್ ಸೈನಿಕರ ಕಥೆ ಕನ್ನಡದಲ್ಲಿ ಬರೆದು ನಿಲ್ಲಿಸಲಿ ಎಂದು ಜಿಲ್ಲಾಡಳಿತವನ್ನು ಕೇಳುತ್ತೇನೆ. ನಿಮ್ಮ ಲೇಖಕರೂ ಮುಂದಿನ ಕಂತಿನಲ್ಲಿ ಫಿರಂಗಿ ಎಷ್ಟು ಎನ್ನುವ ಜೊತೆಗೆ, ಅದನ್ನು ಹೊಡೆದವನಿಗೆ ಸಂಬಳ ಬಂತಾ ಅಂತಲೂ ಬರೆಯಲಿ.

ಇಂತಿ,
ಒಬ್ಬ ಓದುಗ, ಕಾರವಾರ